ಉಪ್ಪು ಬೇಡುವುದೋ, ಸಹಿಸುವುದೋ?

ರಾಜಸ್ಥಾನದ ಉಪ್ಪುನೀರಿನ ಸಾಂಭರ್ ಸರೋವರದ ಕೆಸರು ಬೆಂಗಳೂರಿನ ನಮ್ಮ ಪ್ರಯೋಗಾಲಯಕ್ಕೆ ಬಂದಾಗಲೆಲ್ಲ, ಅದರಲ್ಲಿರುವ ಸೂಕ್ಷ್ಮಜೀವಿಗಳು ಯಾವುವೆಂದು ಗುರುತಿಸಲು ವಿದ್ಯಾರ್ಥಿಗಳು ಡಿಎನ್‌ಎ ತೆಗೆಯಲು ಆತುರಪಡುತ್ತಾರೆ. ನಾನು ಮಾತ್ರ, ಸಿಕ್ಕ ಪ್ರತಿಯೊಂದು ತಳಿಯನ್ನೂ ಮೊದಲು ಉಪ್ಪೇ ಇಲ್ಲದ ಪೋಷಕ ಮಾಧ್ಯಮದಿಂದ ಹಿಡಿದು ಶೇ 30ರಷ್ಟು ಉಪ್ಪಿರುವ ಮಾಧ್ಯಮದವರೆಗೆ ಸಾಲಾಗಿ ಬೆಳೆಸಿ ನೋಡಿ ಎನ್ನುತ್ತೇನೆ. ಉಪ್ಪನ್ನು ಸಹಿಸುವ ಜೀವಿ ಬೇರೆ, ಉಪ್ಪಿಲ್ಲದೆ ಬೆಳೆಯಲಾರದ ಜೀವಿ ಬೇರೆ. ನಮ್ಮ ಚರ್ಮದ ಮೇಲಿರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಶೇ 7.5ರ ಉಪ್ಪಿನಲ್ಲೂ ನಿರಾತಂಕವಾಗಿ ಬೆಳೆಯುತ್ತದೆ; ಕೈಯಿಂದ ಪ್ರಯೋಗದ ತಟ್ಟೆಗೆ ಬಿದ್ದ ಅದನ್ನೇ ಸರೋವರದ ನಿವಾಸಿಯೆಂದು ಬರೆದುಕೊಂಡ ಪ್ರಸಂಗ ನಮ್ಮಲ್ಲೂ ಆಗಿದೆ. ಹ್ಯಾಲೊಮೋನಾಸ್‌ನಂಥ ಮಧ್ಯಮ ಲವಣಪ್ರಿಯಗಳಿಗೆ, ಎಂದರೆ ಮಿತವಾಗಿ ಉಪ್ಪು ಬೇಡುವ ಜೀವಿಗಳಿಗೆ, ಸುಮಾರು ಶೇ 3ರಿಂದ 15ರ ಉಪ್ಪು ಹಿತ. ಅದಕ್ಕೂ ಹೆಚ್ಚು ಬೇಡುವವು ತೀವ್ರ ಲವಣಪ್ರಿಯಗಳು.

ಈ ತೀವ್ರ ವರ್ಗದಲ್ಲಿ ತಟ್ಟೆಯಲ್ಲಿ ಕೆಂಪು ಕಾಲೊನಿ (ಜೀವಿಗಳ ಗುಂಪು) ಕಂಡೊಡನೆ ಬ್ಯಾಕ್ಟೀರಿಯಾ ಎಂದು ಬರೆಯುವುದು ಅವಸರವಾದೀತು. ಹ್ಯಾಲೊಬ್ಯಾಕ್ಟೀರಿಯಂ ಹೆಸರಿಗಷ್ಟೇ ಬ್ಯಾಕ್ಟೀರಿಯಂ, ವಂಶದಿಂದ ಆರ್ಕಿಯಾ, ಎಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಅದಲ್ಲದ ಏಕಕೋಶ ಜೀವಿ; ಆರ್ಕಿಯಾಗಳು ಪ್ರತ್ಯೇಕ ವಂಶವೆಂದು ವಿಜ್ಞಾನಿಗಳಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ತೋರಿಸುವುದಕ್ಕೆ ಮೊದಲೇ ಆ ಹೆಸರು ಬಳಕೆಯಲ್ಲಿತ್ತು. ಆದರೆ ಅದೇ ಬಣ್ಣದ, ಅಷ್ಟೇ ಕಡು ಉಪ್ಪಿನ, 2002ರಲ್ಲಿ ಹೆಸರು ಪಡೆದ ಸ್ಯಾಲಿನಿಬ್ಯಾಕ್ಟರ್ ರೂಬರ್ ಅಪ್ಪಟ ಬ್ಯಾಕ್ಟೀರಿಯಾ. ಬಟ್ಟಿ ಇಳಿಸಿದ ನೀರು ತಗುಲಿದರೆ ಹ್ಯಾಲೊಬ್ಯಾಕ್ಟೀರಿಯಂ ಕೋಶ ಒಡೆದುಹೋಗುವುದರಿಂದ, ಜೀವಿಗಳನ್ನು ವಿಂಗಡಿಸಲು ಬಳಸುವ ಗ್ರಾಂ ಬಣ್ಣ ಹಾಕುವ ಮುನ್ನ ಗಾಜಿನ ಮೇಲಿನ ಲೇಪವನ್ನು ಶೇ 2ರ ಅಸಿಟಿಕ್ ಆಮ್ಲದಿಂದ ಸ್ಥಿರಗೊಳಿಸಬೇಕು. ಎಂದಿನಂತೆ ನೀರಿನಲ್ಲಿ ಲೇಪ ಮಾಡಿದವರಿಗೆ ಸೂಕ್ಷ್ಮದರ್ಶಕದಡಿ ಕಾಣುವುದು ಬರೀ ಚೂರುಪಾರು.

ಇಷ್ಟಾದ ಮೇಲೆ, ಪ್ರಭೇದ ಗುರುತಿಸಲು ಓದುವ 16ಎಸ್ ಜೀನಿನ ಸರದಿ. ಹೆಸರಿರುವ ಪ್ರಭೇದಗಳೊಂದಿಗೆ ಹೋಲಿಕೆ ಸುಮಾರು ಶೇ 98.7ಕ್ಕಿಂತ ಕೆಳಗಿದ್ದರೆ ಹೊಸ ಪ್ರಭೇದವೆಂದು ಶಂಕಿಸಬಹುದು. ಮೇಲಿದೆಯೆಂಬ ಮಾತ್ರಕ್ಕೆ ಹಳೆಯದೆಂದು ತೀರ್ಮಾನಿಸಲಾಗದು, ಏಕೆಂದರೆ ಈ ಜೀನು ನಿಧಾನವಾಗಿ ಬದಲಾಗುವಂಥದ್ದು. ಇನ್ನೂ ತೊಡಕಿನ ಸಂಗತಿಯೆಂದರೆ, ಹ್ಯಾಲೊಆರ್ಕ್ಯುಲಾ ಎಂಬ ಆರ್ಕಿಯಾದಲ್ಲಿ ಒಂದೇ ಕೋಶದೊಳಗಿನ ಈ ಜೀನಿನ ಎರಡು ಪ್ರತಿಗಳ ನಡುವೆಯೇ ಸುಮಾರು ಶೇ 5ರಷ್ಟು ವ್ಯತ್ಯಾಸವಿರಬಹುದು. ಯಾವ ಪ್ರತಿ ಓದಿದೆವೆಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಹಾಗಾಗಿ ಇಡೀ ಜೀನೋಮನ್ನು, ಎಂದರೆ ಜೀವಿಯ ಪೂರ್ತಿ ಡಿಎನ್‌ಎಯನ್ನು, ಹೋಲಿಸಬೇಕು. ಹತ್ತಿರದ ಪ್ರಭೇದದೊಂದಿಗೆ ಸರಾಸರಿ ನ್ಯೂಕ್ಲಿಯೋಟೈಡ್ ಸಾಮ್ಯ (ಡಿಎನ್‌ಎ ಅಕ್ಷರಗಳ ಹೋಲಿಕೆ) ಶೇ 95ರಿಂದ 96ರ ಗೆರೆಗಿಂತ ಕೆಳಗಿಳಿದರೆ ಮಾತ್ರ ಹೊಸ ಹೆಸರಿನ ಮಾತು. ಅದಕ್ಕೂ ಮುನ್ನ ತಳಿಯನ್ನು ಎರಡು ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಜೀವಂತವಾಗಿ ಇರಿಸಬೇಕು, ಅದಕ್ಕೆ ಬೇಕಾದ ಉಪ್ಪಿನ ಪ್ರಮಾಣವನ್ನೂ ಬರೆದು.