ನಾನು ಮಾರ್ಥಳೇ ಆಗಿಬಿಟ್ಟೆನಾ?

ಪ್ರಶ್ನೆ: "ಅಕ್ಕಾ, ಬೆಳಿಗ್ಗೆ ಐದಕ್ಕೆ ಏಳ್ತೀನಿ. ತಿಂಡಿ, ಮಕ್ಕಳ ಡಬ್ಬಿ, ಅತ್ತೆಯ ಮಾತ್ರೆ, ಆಮೇಲೆ ನನ್ನ ಬಸ್ಸು. ರಾತ್ರಿ ಬೈಬಲ್ ತೆಗೆದರೆ ಎರಡನೇ ವಚನಕ್ಕೇ ತೂಕಡಿಕೆ. ನಿಧಾನವಾಗಿ ದೇವರ ಜೊತೆ ಕೂರೋಕೆ ಆಗ್ತಾನೇ ಇಲ್ಲ. ನಾನು ಮಾರ್ಥಳೇ ಆಗಿಬಿಟ್ಟೆನಾ?"

ಮಾರ್ಥ ಅಂದರೆ ಬೈಬಲ್‌ನ ಲೂಕನ ಸುವಾರ್ತೆಯಲ್ಲಿ ಬರುವವಳು. ಯೇಸುಸ್ವಾಮಿ ಮನೆಗೆ ಬಂದಾಗ ಸಹೋದರಿ ಮರಿಯ ಅವರ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಳು, ಇವಳು ಉಪಚಾರದ ಕೆಲಸದಲ್ಲೇ ಮುಳುಗಿದ್ದಳು. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ, ಎಣಿಸೋದನ್ನೇ ಬಿಟ್ಟಿದ್ದೇನೆ. ಒಬ್ಬರಿಗೆ ಡಬ್ಬಿಯ ಬದಲು ಹಾಲು ಕರೆಯುವ ಕೆಲಸ, ಇನ್ನೊಬ್ಬರಿಗೆ ಬಸ್ಸಿನ ಬದಲು ನೈಟ್ ಶಿಫ್ಟ್. ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ. "ಆಗಿದ್ದರೆ ಒಳ್ಳೇದೇ ಆಯ್ತು ಬಿಡಿ" ಅಂತ ಬರೆದು ಮುಗಿಸೋಣ ಅನ್ನಿಸುತ್ತದೆ. ಆದರೆ ಅಷ್ಟಕ್ಕೇ ಬಿಟ್ಟರೆ ಮುಂದಿನ ವಾರ ಮತ್ತೆ ಬರುತ್ತದೆ.

ಮೊದಲು ಕೇಳಿದ್ದಕ್ಕೆ ಉತ್ತರ. ತಂಗೀ, ರಾತ್ರಿ ಹತ್ತೂವರೆಗೆ ಅಧ್ಯಾಯ ಓದೋದನ್ನು ಬಿಟ್ಟುಬಿಡಿ. ಬೆಳಿಗ್ಗೆ ಹಾಲು ಕಾಯುವಷ್ಟು ಹೊತ್ತಿನಲ್ಲಿ ಒಂದೇ ವಚನ ಓದಿ. ಅದನ್ನೇ ದಿನವೆಲ್ಲ ಬಾಯಲ್ಲಿ ಇಟ್ಟುಕೊಳ್ಳಿ. ಹಸು ಅವಸರದಲ್ಲಿ ಮೇದು ಬಂದು, ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದಲ್ಲ, ಹಾಗೆ. ಇದು ನನ್ನ ಕಲ್ಪನೆಯಲ್ಲ. ಹಳೆಯ ಕಾಲದ ಮಠಗಳ ಸನ್ಯಾಸಿಗಳು ವಾಕ್ಯ ಓದುವ ರೀತಿಗೆ ಲ್ಯಾಟಿನ್‌ನಲ್ಲಿ ಇಟ್ಟಿದ್ದ ಹೆಸರಿನ ಅರ್ಥವೂ ಮೆಲುಕು ಹಾಕುವುದು ಅಂತಲೇ. ಮೊದಲನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಧನ್ಯ ಅಂತ ಬರುತ್ತದೆ. ಅಲ್ಲಿನ ಹೀಬ್ರೂ ಮಾತು 'ಹಗಾ'. ಯೆಶಾಯನ ಗ್ರಂಥದಲ್ಲಿ ಪಾರಿವಾಳ ಗೂಗುಟ್ಟುವುದಕ್ಕೂ, ಬೇಟೆಯ ಮೇಲೆ ನಿಂತ ಸಿಂಹ ಗುರುಗುಟ್ಟುವುದಕ್ಕೂ ಅದೇ ಮಾತು. ಅಂದರೆ ಕಣ್ಣು ಮುಚ್ಚಿ ಕೂರಲೇಬೇಕು ಅಂತೇನಿಲ್ಲ. ಗೊಣಗಿಕೊಂಡರೆ ಸಾಕು. ಪಾತ್ರೆ ತಿಕ್ಕುತ್ತಾ ಗೊಣಗಬಹುದು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೂ ಗೊಣಗಬಹುದು.

ನಾನೂ ಒಂದು ವರ್ಷ 'ಇಡೀ ಬೈಬಲ್ ಒಂದೇ ವರ್ಷದಲ್ಲಿ' ಅಂತ ಹೊರಟವಳೇ. ಒಟ್ಟು 1,189 ಅಧ್ಯಾಯ, ದಿನಕ್ಕೆ ಮೂರು ನಾಲ್ಕು. ಚೀಟಿಯಲ್ಲಿ ಟಿಕ್ ಹಾಕಿಕೊಂಡು ಡಿಸೆಂಬರ್‌ಗೆ ಮುಗಿಸಿದೆ. ಯಾಜಕಕಾಂಡದಲ್ಲಿ ಏನಿತ್ತು ಅಂತ ಯಾರಾದರೂ ಕೇಳಿದ್ದರೆ ಟಿಕ್ ತೋರಿಸಬೇಕಿತ್ತು.

ಸರಿ. ಈಗ ಮಾರ್ಥಳ ವಿಷಯ.

ಅಡುಗೆಮನೆಯಲ್ಲಿ ಒದ್ದಾಡುತ್ತಿದ್ದವಳನ್ನು ಯೇಸುಸ್ವಾಮಿ ಗದರಿದರು, ಪಾದದ ಬಳಿ ಕೂತವಳನ್ನು ಹೊಗಳಿದರು, ಆದ್ದರಿಂದ ಕೆಲಸ ಲೋಕದ್ದು, ಕೂರುವುದು ದೇವರದ್ದು. ಈ ನಂಬಿಕೆ ನಮ್ಮ ಮಹಿಳಾ ಕೂಟಗಳಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅಂದರೆ, ಸಂಡೇ ಸ್ಕೂಲ್ ನಾಟಕದಲ್ಲಿ ಮಾರ್ಥಳ ಪಾತ್ರಕ್ಕೆ ಯಾವಾಗಲೂ ಒಂದು ಸೌಟು ಮತ್ತು ಸಿಡುಕು ಮುಖ. ಒಂದು ವರ್ಷ ನಾಟಕ ಮುಗಿದ ಮೇಲೆ ಎರಡನೇ ಕ್ಲಾಸಿನ ಹುಡುಗ ಎದ್ದು ನಿಂತ. "ಟೀಚರ್, ಹಂಗಾದ್ರೆ ಅವತ್ತು ಊಟ ಯಾರು ಬಡಿಸಿದ್ರು?" ಎಷ್ಟೋ ಪ್ರಸಂಗಗಳಲ್ಲಿ ಯಾರೂ ಎತ್ತದ ಪ್ರಶ್ನೆ ಅದು. ನನ್ನ ಕ್ಲಾಸಿನ ಹುಡುಗ ಅಂತ ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಲೂಕ 10ನೇ ಅಧ್ಯಾಯ ತೆಗೆಯಿರಿ. 38ರಿಂದ 42, ಐದೇ ವಚನ. ಮಾರ್ಥಳ ಕೆಲಸಕ್ಕೆ ಅಲ್ಲಿರುವ ಗ್ರೀಕ್ ಮಾತು 'ಡಿಯಾಕೋನಿಯಾ', ಸೇವೆ. ಸಭೆಯ 'ಡೀಕನ್' ಅನ್ನೋ ಹೆಸರು ಹುಟ್ಟಿದ್ದು ಇದೇ ಬೇರಿನಿಂದ. ಅದೇ ಲೂಕನ 22ನೇ ಅಧ್ಯಾಯದಲ್ಲಿ, ನಾನು ನಿಮ್ಮ ನಡುವೆ ಸೇವೆ ಮಾಡುವವನ ಹಾಗೆ ಇದ್ದೇನೆ ಅಂತ ಯೇಸುಸ್ವಾಮಿ ತಮ್ಮ ಬಗ್ಗೆಯೇ ಹೇಳುತ್ತಾರೆ. ಅಲ್ಲೂ ಅದೇ ಬೇರು. ತಾವು ಮಾಡುವ ಕೆಲಸವನ್ನೇ ಅವರು ಬೈಯುತ್ತಾರಾ?

ಹಾಗಾದರೆ ತಿದ್ದಿದ್ದು ಏನನ್ನು? ಲೂಕ ಅವಳ ಸ್ಥಿತಿಗೆ ಬಳಸಿದ ಮಾತಿಗೆ ನಾಲ್ಕೂ ಕಡೆ ಎಳೆದಾಟಕ್ಕೆ ಸಿಕ್ಕುವುದು ಅಂತ ಅರ್ಥ. ಕೈ ಒಲೆಯ ಹತ್ತಿರ, ಕಿವಿ ನಡುಮನೆಯಲ್ಲಿ, ಕಣ್ಣು ಮರಿಯಳ ಮೇಲೆ. ನನ್ನೊಬ್ಬಳನ್ನೇ ಬಿಟ್ಟಿದ್ದಾಳೆ, ನಿಮಗೆ ಚಿಂತೆಯಿಲ್ಲವಾ, ಅವಳಿಗೆ ಹೇಳಿ ಅಂತ ಮನೆಗೆ ಬಂದ ಅತಿಥಿಗೇ ಅಪ್ಪಣೆ ಬೇರೆ. ಅದಕ್ಕೆ ಸಿಕ್ಕ ಉತ್ತರ ಶುರುವಾಗುವುದು ಹೆಸರನ್ನು ಎರಡು ಸಲ ಕರೆದು. ಅಬ್ರಹಾಮನನ್ನು, ಮೋಶೆಯನ್ನು, ಬಾಲಕ ಸಮುವೇಲನನ್ನು ದೇವರು ಹೀಗೇ ಎರಡೆರಡು ಸಲ ಕರೆದದ್ದು. ಓಡುವ ಮಗುವಿನ ಭುಜ ಹಿಡಿದು ನಿಲ್ಲಿಸುವ ದನಿ ಅದು. ಆಮೇಲೆ ಹೇಳಿದ್ದೂ ಬಹಳ ವಿಷಯಕ್ಕೆ ಕಳವಳಪಡುತ್ತೀ ಅಂತ. ಸೌಟು ಕೆಳಗಿಡು ಅಂತ ಎಲ್ಲಿದೆ, ತೋರಿಸಿ.

ಮರಿಯ ಆರಿಸಿಕೊಂಡದ್ದು ಒಳ್ಳೆಯ ಭಾಗ, ಅದರಲ್ಲಿ ತಕರಾರಿಲ್ಲ. ಆದರೆ ಒಂದು ವಚನ ಹಿಂದೆ ಹೋಗಿ. ಈ ಕಥೆಗೆ ಅಂಟಿಕೊಂಡೇ ಲೂಕ ಸಮಾರ್ಯದವನ ಕಥೆ ಇಟ್ಟಿದ್ದಾನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಸುರಿದು, ಪಟ್ಟಿ ಕಟ್ಟಿ, ಛತ್ರಕ್ಕೆ ಕರೆದುಕೊಂಡು ಹೋಗಿ, ಎರಡು ಬೆಳ್ಳಿ ನಾಣ್ಯ ಕೊಟ್ಟವನ ಕಥೆ. ಅಲ್ಲಿ ಮೆಚ್ಚುಗೆ ಸಿಕ್ಕಿದ್ದು ಪೂರ್ತಿ ಕೆಲಸಕ್ಕೆ.

ಇನ್ನು ಯೋಹಾನ 11. ಇವರಿಬ್ಬರ ಸಹೋದರ ಲಾಜರ ಸತ್ತಿದ್ದಾನೆ. ಈ ಸಲ ಮರಿಯ ಮನೆಯಲ್ಲೇ ಕೂತಿದ್ದಾಳೆ, ಎದ್ದು ದಾರಿಗೆ ಹೋದವಳು ಮಾರ್ಥ. ನೀನು ಕ್ರಿಸ್ತ, ದೇವರ ಮಗ ಅಂತ ಬಾಯಿಬಿಟ್ಟು ಹೇಳಿದ್ದೂ ಅವಳೇ, 27ನೇ ವಚನ. ಶಿಷ್ಯ ಪೇತ್ರ ಅಂಥದ್ದೇ ಮಾತು ಹೇಳಿದ್ದು ಎಲ್ಲರಿಗೂ ಬಾಯಿಪಾಠ, ಇವಳದ್ದು ಯಾರಿಗೂ ನೆನಪಿಲ್ಲ! ಮುಂದಿನ ಅಧ್ಯಾಯದಲ್ಲಿ ಬೇಥಾನ್ಯದಲ್ಲಿ ಮತ್ತೆ ಊಟ. ಮತ್ತೆ ಬಡಿಸುತ್ತಿರುವವಳು ಮಾರ್ಥ. ಈ ಸಲ ದೂರೂ ಇಲ್ಲ, ಬುದ್ಧಿಮಾತೂ ಇಲ್ಲ. ಕೆಲಸ ಅದೇ, ಎಳೆದಾಟ ಮಾತ್ರ ಕಾಣುವುದಿಲ್ಲ. ನಾವು ಕೇಳುತ್ತಿರುವ 'ನಿಧಾನ' ಇದೇ ಅಲ್ವಾ? ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ಶುರುಮಾಡಿದ ಆಸ್ಪತ್ರೆಗೆ ಇವಳದೇ ಹೆಸರು. ಬೈಸಿಕೊಂಡವಳು ಅಂತ ಇಟ್ಟ ಹೆಸರಾಗಿರಲಾರದು.

ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು, ತೀರಿಕೊಂಡದ್ದು 1691ರಲ್ಲಿ. ಅವರ ಪಾಲಿಗೆ ಬಂದದ್ದು ಅಡುಗೆಮನೆ. ಅವರಿಗೆ ಆ ಕೆಲಸ ಒಂಚೂರೂ ಇಷ್ಟವಿರಲಿಲ್ಲ, ಇದು ನನಗೆ ತುಂಬಾ ಸಮಾಧಾನ ಕೊಡುವ ಸಂಗತಿ. ಆದರೂ ವರ್ಷಗಟ್ಟಲೆ ಅಲ್ಲೇ ನಿಂತು, ಮಾಡುವ ಕೆಲಸದ ನಡುವೆಯೇ ದೇವರ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡರು. ನೀವೂ ದಿನಕ್ಕೆ ಒಂದೇ ಒಂದು ಕೆಲಸ ಆರಿಸಿ. ಸೊಪ್ಪು ಬಿಡಿಸುವುದೋ, ಬಟ್ಟೆ ಮಡಚುವುದೋ. ಆ ಹೊತ್ತಿನಲ್ಲಿ ಫೋನು ಬೇಡ, ಟೀವಿ ಬೇಡ. ಬೆಳಗಿನ ವಚನ, ನೀವು, ಮೆಂತ್ಯ ಸೊಪ್ಪು. ಅಷ್ಟೇ.

ಇಷ್ಟೆಲ್ಲ ಬರೆದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. 'ನಾನು ಮಾರ್ಥಳಾ' ಅಂತ ಒಬ್ಬ ಗಂಡಸೂ ಯಾಕೆ ಇವತ್ತಿನವರೆಗೆ ಕೇಳಿಲ್ಲ? ಲೂಕನ ಕಥೆಯಲ್ಲಿ ಲಾಜರನ ಸುಳಿವೇ ಇಲ್ಲ, ನೋಡಿದ್ದೀರಾ? ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆಯನ್ನು ಮತ್ತೊಮ್ಮೆ ಓದಿ, ಧರ್ಮೋಪದೇಶಕಾಂಡ 5:14. ನೀನು, ಮಗ, ಮಗಳು, ಆಳು, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ, ಎಲ್ಲರಿಗೂ ವಿಶ್ರಾಂತಿ. ಹೆಂಡತಿಯ ಹೆಸರಿಲ್ಲ. 'ನೀನು' ಅನ್ನುವುದರಲ್ಲೇ ಅವಳೂ ಸೇರಿದ್ದಾಳೆ ಅಂತ ವ್ಯಾಖ್ಯಾನ ಬರೆದವರು ಹೇಳುತ್ತಾರೆ, ಒಪ್ಪೋಣ. ಆದರೆ ಭಾನುವಾರ ಆರಾಧನೆ ಮುಗಿಸಿ ಬಂದು ಸೀರೆ ಕೂಡ ಬದಲಿಸದೆ ಕೋಳಿ ಸಾರಿಗೆ ಮಸಾಲೆ ರುಬ್ಬುವವಳಿಗೆ ಆ ವ್ಯಾಖ್ಯಾನ ಇನ್ನೂ ತಲುಪಿಲ್ಲ. ಪುನರುತ್ಥಾನವಾದ ಮೇಲೆ ಯೇಸುಸ್ವಾಮಿ ಕೆರೆ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು, ಬನ್ನಿ ಊಟ ಮಾಡಿ ಅಂತ ಶಿಷ್ಯರನ್ನು ಕರೆದರಲ್ಲ, ಯೋಹಾನ 21. ಆ ಭಾಗವನ್ನು ಪುರುಷರ ಕೂಟದಲ್ಲಿ ಯಾರಾದರೂ ಓದಿಸಿ.

ನಮ್ಮನೆಯಲ್ಲಿ ಈಗ ಭಾನುವಾರದ ಒಲೆ ನಮ್ಮ ಯಜಮಾನರದ್ದು. ನಾನು ಜಗಲಿಯ ಮೇಲೆ ಸುಮ್ನೆ ಕೂರಬೇಕು, ಅದೇ ಒಪ್ಪಂದ. ಬೇಳೆಗೆ ಮೂರೇ ವಿಷಲ್ ಅಂತ ಹೇಳಿರುತ್ತೇನೆ. ಮೂರಾಗುತ್ತದೆ. ಒಳಗೆ ಅವರ ಚಪ್ಪಲಿ ಸದ್ದಿಲ್ಲ. ನಾಲ್ಕನೆಯದೂ ಕೂಗುತ್ತದೆ. ಕಾಲು ತಾನಾಗೇ ಏಳೋಕೆ ನೋಡುತ್ತದೆ. ಕುರ್ಚಿಯ ಕೈ ಹಿಡಿದುಕೊಂಡು ಕೂತೇ ಇರುತ್ತೇನೆ.