ಪ್ಲಾಜೋ ಅಂದ್ರೆ ಏನು?

ಪ್ರಶ್ನೆ: ಅಗಲ ಕಾಲಿನ ಸಡಿಲ ಪ್ಯಾಂಟಿಗೆ ಅಂಗಡಿಯಲ್ಲಿ ಒಬ್ಬರು ‘ಪ್ಲಾಜೋ’ ಅಂತಾರೆ, ಇನ್ನೊಬ್ಬರು ‘ಪಲಾಜೊ’ ಅಂತಾರೆ. ಯಾವುದು ಸರಿ? ಆ ಪದಕ್ಕೆ ಅರ್ಥ ಇದೆಯಾ?

ಉತ್ತರ: ಇದೆ. ಅರಮನೆ ಅಂತ!

ಇದು ಇಟಲಿಯ ಪದ. ಅವರ ಬಾಯಲ್ಲಿ ‘ಪಲಾತ್ಸೊ’. ಹಾಗಾಗಿ ‘ಪಲಾಜೊ’ ಮೂಲಕ್ಕೆ ಹತ್ತಿರ. ಆದ್ರೆ ನೀವು ಪ್ಲಾಜೋ ಅಂದರೂ ಅಂಗಡಿಯವರು ಅದನ್ನೇ ತೆಗೆದು ಕೊಡುತ್ತಾರೆ, ಬಿಡಿ. ರೋಮ್‌ನ ಪಲಾಟೈನ್ ಗುಡ್ಡದ ಮೇಲೆ ಚಕ್ರವರ್ತಿಗಳು ವಾಸವಿದ್ದರು. ಆ ಗುಡ್ಡದ ಹೆಸರೇ ಅರಮನೆಗೂ ನಿಂತಿತು. ಇಂಗ್ಲಿಷಿನ ಪ್ಯಾಲೇಸ್ ಕೂಡ ಅಲ್ಲಿಂದಲೇ ಬಂದಿದ್ದು.

ಪ್ಯಾಂಟಿಗೂ ಅರಮನೆಗೂ ಏನು ಸಂಬಂಧ? ಐರೀನ್ ಗಲಿಟ್ಸೀನ್ ಅಂತ ಒಬ್ಬ ವಿನ್ಯಾಸಕಿ. ರಷ್ಯಾದ ಶ್ರೀಮಂತ ಕುಲೀನ ಮನೆತನದವರು. ಕ್ರಾಂತಿಯ ನಂತರ ಅವರ ಕುಟುಂಬ ಊರು ಬಿಟ್ಟಿತು, ಅವರು ರೋಮ್‌ನಲ್ಲಿ ಬೆಳೆದರು. ಸಂಜೆಯ ಪಾರ್ಟಿಗೆ ಉದ್ದನೆಯ ಗೌನೇ ಯಾಕೆ ಬೇಕು ಅಂತ, 1960ರಲ್ಲಿ ಅವರು ರೇಷ್ಮೆಯಲ್ಲಿ ಅಗಲ ಕಾಲಿನ ಉಡುಪು ಮಾಡಿದರು. ಫ್ಲಾರೆನ್ಸ್‌ನ ಪಿಟ್ಟಿ ಅರಮನೆಯಲ್ಲಿ ಅದನ್ನು ತೋರಿಸಿದರು. ಅಮೆರಿಕದ ಫ್ಯಾಷನ್ ಸಂಪಾದಕಿ ಡಯಾನಾ ವ್ರೀಲ್ಯಾಂಡ್ ಅದಕ್ಕೆ ‘ಪಲಾಜೊ ಪೈಜಾಮ’ ಅಂತ ಹೆಸರಿಟ್ಟರು.

ನನಗೆ ಮಜಾ ಅನಿಸೋದು ಆ ಎರಡನೇ ಪದ. ಪೈಜಾಮ ಇಟಲಿಯದ್ದೂ ಅಲ್ಲ, ಇಂಗ್ಲೆಂಡಿನದ್ದೂ ಅಲ್ಲ. ಪಾರಸಿಯಲ್ಲಿ ‘ಪಾಯ್’ ಅಂದರೆ ಕಾಲು, ‘ಜಾಮಾ’ ಅಂದರೆ ಬಟ್ಟೆ. ಕಾಲಿನ ಬಟ್ಟೆ, ಅಷ್ಟೇ. ಹೋಟೆಲಿನ ಪಾಯಾ ಸೂಪ್ ಇದೆಯಲ್ಲ, ಅದೂ ಇದೇ ಪಾಯ್ ನೆಂಟ. ಹಿಂದೂಸ್ತಾನಿಯ ಈ ಪದವನ್ನು ಬ್ರಿಟಿಷರು ಇಲ್ಲಿಂದ ಕೊಂಡೊಯ್ದು, ಮಲಗುವಾಗ ಹಾಕುವ ಬಟ್ಟೆಗೆ ಇಟ್ಟುಕೊಂಡರು. ಹೋದ ಪೈಜಾಮ ಇಟಲಿ ಸುತ್ತಿಕೊಂಡು ವಾಪಸ್ ಬರುವಾಗ ತನ್ನ ಹೆಸರನ್ನೇ ಕಳೆದುಕೊಂಡಿತು, ನೋಡಿ. ಉಳಿದದ್ದು ಬರೀ ಅರಮನೆ.

ಗುರುತು ಹಿಡಿಯೋದು ಸುಲಭ. ಪ್ಲಾಜೋ ಸೊಂಟದಿಂದಲೇ ಸಡಿಲ. ಮೊಣಕಾಲಿನವರೆಗೆ ಬಿಗಿಯಿದ್ದು ಕೆಳಗೆ ಅಗಲವಾದರೆ ಬೆಲ್ ಬಾಟಮ್. ಮೊಣಕಾಲಿನ ಹತ್ತಿರ ಜೋಡಣೆ ಇದ್ದು, ಅಲ್ಲಿಂದ ನೆರಿಗೆ ಇಳಿದರೆ ಘರಾರಾ. ಸ್ಕೂಟರ್ ಓಡಿಸುವವರಿಗೆ ಒಂದು ಮಾತು: ಉದ್ದ ಪಾದಕ್ಕಿಂತ ಎರಡು ಬೆರಳು ಮೇಲಿರಲಿ. ಮಳೆಗಾಲದಲ್ಲಿ ರೇಯಾನ್ ಅಂಚು ಕೆಸರನ್ನೆಲ್ಲ ಗುಡಿಸಿಕೊಂಡು ಬರುತ್ತೆ. ನನ್ನ ಬಿಳಿ ಪ್ಲಾಜೋ ಹಾಗೇ ಹಾಳಾಯಿತು.

ಹೊಸದನ್ನು ಹೊಲಿಸೋಕೆ ಬಟ್ಟೆ ಕೊಟ್ಟಾಗ ನಮ್ಮ ಟೈಲರ್ ಅಳತೆ ಪುಸ್ತಕದಲ್ಲಿ ಬರೆದುಕೊಂಡಿದ್ದು: ‘ಅಗಲ ಪೈಜಾಮ - 1’.