ಒಬೆಸಾ ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ ಏಕೆ?

ಪ್ರಶ್ನೆ: ನಮ್ಮ ಯೂಫೋರ್ಬಿಯಾ ಒಬೆಸಾ ಪ್ರತಿವರ್ಷ ನೆತ್ತಿಯ ಸುತ್ತ ಸಣ್ಣ ಹೂ ಬಿಡುತ್ತದೆ, ಬೀಜ ಮಾತ್ರ ಇಲ್ಲ. ಆರೈಕೆ ತಪ್ಪಿದೆಯೇ?

ಉತ್ತರ: ಆರೈಕೆ ಸರಿಯಾಗಿಯೇ ಇದೆ, ಗಿಡ ಒಂಟಿ ಅಷ್ಟೆ. ಈ ಕಳ್ಳಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಸಾಮಾನ್ಯವಾಗಿ ಎಂಟು ಏಣುಗಳಿರುವ ಈ ಉಂಡೆ ಕಾಂಡ ಕವಲೊಡೆಯುವುದು ಅಪರೂಪ. ಹಾಗಾಗಿ ತುಂಡು ನೆಟ್ಟು ಬೆಳೆಸುವ ದಾರಿಯೂ ಇಲ್ಲ, ಬೀಜವೇ ಗತಿ.

ಹೂ ಬರುವವರೆಗೆ ಗಂಡೋ ಹೆಣ್ಣೋ ತಿಳಿಯದು. ಬಂದ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಹೂವೆಂದು ಕಾಣುವುದು ನಿಜಕ್ಕೂ ಪುಟ್ಟ ಬಟ್ಟಲು, ಹೆಸರು ಸಯಾಥಿಯಂ. ಗಂಡಿನ ಬಟ್ಟಲಿನಿಂದ ಹಳದಿ ಪರಾಗ ಹೊತ್ತ ಕೇಸರಗಳು ಇಣುಕುತ್ತವೆ. ಆ ಒಂದೊಂದು ಕೇಸರವೂ ಒಂದು ಪೂರ್ತಿ ಗಂಡು ಹೂವು! ಹೆಣ್ಣಿನದರಲ್ಲಿ ಒಂದೇ ಹಸಿರು ಅಂಡಾಶಯ, ಅದರ ತುದಿ ಮೂರಾಗಿ ಸೀಳಿರುತ್ತದೆ.

ಎರಡೂ ಇದ್ದರೆ, ಪರಾಗ ಒಣಗಿ ಪುಡಿಯಾಗಿರುವ ಹೊತ್ತಿನಲ್ಲಿ ಸಣ್ಣ ಬ್ರಷ್‌ನಿಂದ ಅದನ್ನು ತೆಗೆದು ಸೀಳಿದ ತುದಿಗೆ ಸವರಿ. ಹೂಗಳು ಒಟ್ಟಿಗೆ ಅರಳುವುದಿಲ್ಲವಾದ್ದರಿಂದ ಮೂರ್ನಾಲ್ಕು ದಿನ ಬಿಡದೆ ಮಾಡಿ. ಹತ್ತಿರದಲ್ಲಿ ಮೆಲೋಫಾರ್ಮಿಸ್, ಸುಸಾನೆಯಂಥ ಬಂಧುಗಳು ಹೂ ಬಿಟ್ಟಿದ್ದರೆ ದೂರ ಇಡಿ. ಮಿಶ್ರತಳಿ ಸುಲಭವಾಗಿ ಹುಟ್ಟುತ್ತದೆ. ಮಾರಾಟಕ್ಕೆ ಬರುವ ಎಷ್ಟೋ 'ಒಬೆಸಾ'ಗಳು ಅಂಥವೇ.

ಹೆಚ್ಚಿನವರು ಸೋಲುವುದು ಮುಂದಿನ ಹಂತದಲ್ಲಿ. ಸುಮಾರು 7 ಮಿ.ಮೀ. ಅಗಲದ ಕಾಯಿಯಲ್ಲಿ ಮೂರು ಕೋಣೆ, ಕೋಣೆಗೊಂದು ಬೀಜ. ಒಣಗಿದೊಡನೆ ಕಾಯಿ ಟಪ್ಪನೆ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಕಾಯಿ ಊದತೊಡಗಿದಾಗಲೇ ಗಿಡಕ್ಕೆ ತೆಳುವಾದ ಬಲೆಬಟ್ಟೆ ಮುಚ್ಚಿ, ಕುಂಡದ ಅಂಚಿಗೆ ಕಟ್ಟಿ.

ಬೀಜ ತಾಜಾ ಇರುವಾಗಲೇ ಬಿತ್ತಿ. ಅರ್ಧಕ್ಕಿಂತ ಹೆಚ್ಚು ದಪ್ಪ ಮರಳಿರುವ ಮಣ್ಣಿನ ಮೇಲಿಟ್ಟು 2–3 ಮಿ.ಮೀ. ಮರಳು ಉದುರಿಸಿದರೆ ಸಾಕು. ಮೊಳೆಯುವವರೆಗೆ ತೇವ ಆರಬಾರದು. ಮೊಳೆತ ಮೇಲೆ ಗಾಳಿಯಾಡಬೇಕು, ಇಲ್ಲವಾದರೆ ಶಿಲೀಂಧ್ರ ತಗುಲಿ ಸಸಿಗಳು ಬುಡದಲ್ಲೇ ಕೊಳೆತು ಬೀಳುತ್ತವೆ. ಐದಾರು ಸಸಿ ಉಳಿಸಿಕೊಂಡರೆ ಗಂಡು, ಹೆಣ್ಣು ಎರಡೂ ಸಿಗುವ ಸಾಧ್ಯತೆ ಹೆಚ್ಚು.

ಬೀಜ ಕೊಳ್ಳುವುದಾದರೆ ಸಾಕಿದ ಗಿಡಗಳದ್ದೇ ಇರಲಿ. ದಕ್ಷಿಣ ಆಫ್ರಿಕಾದ ಗ್ರೇಟ್ ಕರೂ ಪ್ರದೇಶದ ಸಣ್ಣ ಭಾಗವೊಂದರಲ್ಲಷ್ಟೇ ಇದು ನಿಸರ್ಗದಲ್ಲಿ ತಾನಾಗಿ ಬೆಳೆಯುತ್ತದೆ. 1903ರಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಇದನ್ನು ವರ್ಣಿಸಿದ ಮೇಲೆ ಸಂಗ್ರಾಹಕರು ಕಿತ್ತೊಯ್ದದ್ದೇ ಹೆಚ್ಚು; ಈಗ ಕಾಡು ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸಿಟೀಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ.

ಗೀರಿದರೆ ಒಸರುವ ಹಾಲು ಚರ್ಮಕ್ಕೆ ಉರಿ, ಕಣ್ಣಿಗೆ ಅಪಾಯ. ಕೈಗೆ ತಾಗಿದರೆ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಹರಿಸಿ, ಕೂಡಲೇ ವೈದ್ಯರ ಬಳಿ ಹೋಗಿ.